ನಾಲ್ಕನೆಯ ಮೃಗ ಯಾವುದು? ದಾನಿಯೇಲನ ದರ್ಶನಗಳನ್ನು ಆದಿಕಾಲದ ಯೆಹೂದ್ಯರೂ ಕ್ರೈಸ್ತರೂ ಓದಿದ ಬಗೆ

ಪಶ್ಚಿಮ ಏಷ್ಯಾದಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ಯೂಟ್ಯೂಬ್‌ನಲ್ಲಿಯೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಒಂದು ಬಗೆಯ ಸಂದೇಶಗಳು ಹರಿದಾಡತೊಡಗುತ್ತವೆ. ಈಗ ನಡೆಯುತ್ತಿರುವುದನ್ನೆಲ್ಲ ಬೈಬಲಿನ ದಾನಿಯೇಲ ಮತ್ತು ಪ್ರಕಟನೆ ಎಂಬ ಪುಸ್ತಕಗಳು ಮೊದಲೇ ಹೇಳಿವೆ, ಹತ್ತು ಕೊಂಬುಗಳೆಂದರೆ ಇಂಥ ದೇಶಗಳ ಕೂಟ, 666 ಎಂದರೆ ಇಂಥ ನಾಯಕ ಎಂದು ಅವು ಸಾರುತ್ತವೆ. ಬೈಬಲಿನ ಪರಿಚಯವಿಲ್ಲದವರಿಗೆ ಇದು ತಲೆಬುಡ ತಿಳಿಯದ ಮಾತು. ಪರಿಚಯವಿರುವವರಿಗೂ ಈ ಪುಸ್ತಕಗಳನ್ನು ಮೊದಮೊದಲು ಕೈಗೆತ್ತಿಕೊಂಡವರು ಹೇಗೆ ಓದಿದರು ಎಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಕ್ರಿ.ಪೂ. 2ನೆಯ ಶತಮಾನದಿಂದ ಕ್ರಿ.ಶ. 5ನೆಯ ಶತಮಾನದವರೆಗಿನ ಆ ಓದುಗರ ಮುಂದಿದ್ದ ಪಠ್ಯ ಹೆಚ್ಚುಕಡಿಮೆ ಒಂದೇ. ಆದರೆ ಅವರಲ್ಲಿ ಬಹಳ ಮಂದಿ ಅದರಲ್ಲಿ ತಮ್ಮ ಕಾಲದ ಅರಸನನ್ನೇ ಕಂಡರು. ಆ ಅರಸ ಹೋಗಿ ಮತ್ತೊಬ್ಬ ಬಂದಾಗ ಪಠ್ಯವನ್ನು ಬಿಡಲಿಲ್ಲ, ಅರ್ಥವನ್ನು ಮರುಹೊಂದಿಸಿಕೊಂಡರು. ಆ ಹೊಂದಾಣಿಕೆ ಹೇಗೆ ನಡೆಯಿತೆಂಬುದನ್ನು ದಾನಿಯೇಲನ ಪುಸ್ತಕವನ್ನು ನಡುವೆ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ದರ್ಶನಗ್ರಂಥ ಎಂದರೇನು

ಸುಮಾರು ಕ್ರಿ.ಪೂ. 3ನೆಯ ಶತಮಾನದಿಂದ ಯೆಹೂದ್ಯರಲ್ಲಿ ಒಂದು ವಿಶಿಷ್ಟ ಬಗೆಯ ಬರವಣಿಗೆ ಬೆಳೆಯಿತು. ಅದರಲ್ಲಿ ಬಹಳ ಹಿಂದಿನ ಕಾಲದ ಜ್ಞಾನಿಯೊಬ್ಬನಿಗೆ ಕನಸು ಅಥವಾ ದರ್ಶನವಾಗುತ್ತದೆ. ಕಂಡದ್ದು ಅವನಿಗೇ ಅರ್ಥವಾಗುವುದಿಲ್ಲ, ದೇವದೂತನೊಬ್ಬ ಬಂದು ಬಿಡಿಸಿ ಹೇಳುತ್ತಾನೆ. ರಾಜ್ಯಗಳು ಮೃಗಗಳಾಗಿಯೂ ಅರಸರು ಕೊಂಬುಗಳಾಗಿಯೂ ಕಾಣಿಸಿಕೊಳ್ಳುತ್ತಾರೆ. ಲೋಕದ ಇತಿಹಾಸ ನಿಗದಿಯಾದ ಕಾಲಘಟ್ಟಗಳಲ್ಲಿ ಸಾಗಿ, ಕೊನೆಗೆ ದೇವರ ನ್ಯಾಯತೀರ್ಪಿನಲ್ಲಿ ಮುಗಿಯುತ್ತದೆ. ಹನೋಕ, ಎಜ್ರ, ಬಾರೂಕ ಮೊದಲಾದವರ ಹೆಸರಿನಲ್ಲಿ ಇಂಥ ಗ್ರಂಥಗಳು ಹುಟ್ಟಿದವು. ಹೀಬ್ರೂ ಬೈಬಲಿನಲ್ಲಿ ಈ ಬಗೆಯ ಪೂರ್ಣ ಮಾದರಿ, ಬಾಬಿಲೋನಿಗೆ ಸೆರೆಹೋದ ಯೆಹೂದ್ಯ ಜ್ಞಾನಿ ದಾನಿಯೇಲನ ಹೆಸರಿನ ಪುಸ್ತಕದ ಉತ್ತರಾರ್ಧ. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಯೋಹಾನನ ಪ್ರಕಟನೆ.

ಹಳೆಯ ಪ್ರವಾದಿಗಳು ಬೀದಿಯಲ್ಲಿ, ದೇವಾಲಯದ ಬಾಗಿಲಲ್ಲಿ ನಿಂತು ಜನರಿಗೆ ನೇರವಾಗಿ ಹೇಳುತ್ತಿದ್ದರು. ದಾನಿಯೇಲನಿಗಾದರೋ ಬರೆದದ್ದನ್ನು ಮುಚ್ಚಿ, ಅಂತ್ಯಕಾಲದವರೆಗೆ ಪುಸ್ತಕಕ್ಕೆ ಮುದ್ರೆ ಹಾಕು ಎಂಬ ಅಪ್ಪಣೆಯಾಗುತ್ತದೆ. ಈ ಒಂದು ಅಪ್ಪಣೆಯ ಪರಿಣಾಮ ದೊಡ್ಡದು. ಮುದ್ರೆ ಹಾಕಿದ್ದ ಪುಸ್ತಕವನ್ನು ತಾನು ಈಗ ತೆರೆದು ಓದುತ್ತಿದ್ದೇನೆಂದರೆ, ಅಂತ್ಯಕಾಲ ತನ್ನದೇ ಕಾಲವಿರಬೇಕು ಎಂದು ಓದುಗ ತರ್ಕಿಸುವುದು ಸಹಜ. ಪ್ರಕಟನೆಯ ಕೊನೆಯಲ್ಲಿ ಇದಕ್ಕೆ ವಿರುದ್ಧವಾದ ಅಪ್ಪಣೆಯಿದೆ: ಸಮಯ ಹತ್ತಿರವಾಗಿರುವುದರಿಂದ ಮುದ್ರೆ ಹಾಕಬೇಡ.

ಪುಸ್ತಕದೊಳಗೇ ನಡೆದ ಮರುಓದು

ಮುದ್ರೆಯ ಅರ್ಥ ಬಿಡಿಸಲು ಹೊರಟ ಮೊದಲಿಗ ದಾನಿಯೇಲನ ಪುಸ್ತಕದೊಳಗೇ ಇದ್ದಾನೆ. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರ ದಾಸ್ಯ 70 ವರ್ಷಗಳಲ್ಲಿ ಮುಗಿಯುತ್ತದೆ ಎಂದು ಪ್ರವಾದಿ ಯೆರೆಮೀಯ ಹೇಳಿದ್ದ. ಬಾಬಿಲೋನ್ ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್‌ನ ವಶವಾಯಿತು, ದೇಶಭ್ರಷ್ಟರಲ್ಲಿ ಅನೇಕರು ಮರಳಿದರು, ದೇವಾಲಯವನ್ನು ಮತ್ತೆ ಕಟ್ಟಲಾಯಿತು. ಆದರೆ ಯೆರೆಮೀಯ ಚಿತ್ರಿಸಿದ ಸುಭಿಕ್ಷ ಬರಲಿಲ್ಲ. ಒಬ್ಬ ಪರಕೀಯ ದೊರೆಯ ಜಾಗಕ್ಕೆ ಇನ್ನೊಬ್ಬ ಬಂದ. ದಾನಿಯೇಲನ 9ನೆಯ ಅಧ್ಯಾಯದಲ್ಲಿ ಅವನು ಯೆರೆಮೀಯನ ಗ್ರಂಥವನ್ನು ಓದುತ್ತ ಪ್ರಾರ್ಥಿಸುತ್ತಿರುವಾಗ ದೇವದೂತ ಗಬ್ರಿಯೇಲನು ಬಂದು, ಎಪ್ಪತ್ತು ವರ್ಷಗಳನ್ನು ಎಪ್ಪತ್ತು ವಾರಗಳಾಗಿ ಬಿಡಿಸುತ್ತಾನೆ. ಇಲ್ಲಿ ಒಂದು ವಾರಕ್ಕೆ ಏಳು ವರ್ಷ. ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂಬ ಮೋಶೆಯ ಧರ್ಮಶಾಸ್ತ್ರದ ಎಣಿಕೆ ಇದರ ಹಿಂದಿದೆ. ಹೀಗೆ 70 ಎಂಬುದು 490 ಆಯಿತು.

ಮುಂದಿನ ಆರು ಶತಮಾನಗಳ ವ್ಯಾಖ್ಯಾನಕಾರರೆಲ್ಲ ಮಾಡಿದ್ದು ಬಹುಮಟ್ಟಿಗೆ ಇದೇ ಕೆಲಸ. ಹಳೆಯ ಪಠ್ಯದ ಅಕ್ಷರ ಹಾಗೇ ಉಳಿಯಬೇಕು, ಅದು ಸುಳ್ಳಾಗಿಲ್ಲ ಎಂದು ತೋರಬೇಕು, ಅದರ ಬೊಟ್ಟು ಮಾತ್ರ ಇಂದಿನ ಕಡೆಗೆ ತಿರುಗಬೇಕು.

ಮೊದಲ ಅರ್ಥ: ಗ್ರೀಕ್ ದೊರೆ

7ನೆಯ ಅಧ್ಯಾಯದಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಏಳುತ್ತವೆ: ಹದ್ದಿನ ರೆಕ್ಕೆಯ ಸಿಂಹ, ಬಾಯಲ್ಲಿ ಮೂರು ಪಕ್ಕೆಲುಬುಗಳನ್ನು ಕಚ್ಚಿದ ಕರಡಿ, ನಾಲ್ಕು ತಲೆಗಳ ಚಿರತೆ, ಕಬ್ಬಿಣದ ಹಲ್ಲುಗಳೂ ಹತ್ತು ಕೊಂಬುಗಳೂ ಇರುವ, ಹೆಸರಿಲ್ಲದ ಘೋರ ಮೃಗ. ಹತ್ತು ಕೊಂಬುಗಳ ನಡುವೆ ಬಡಾಯಿ ಕೊಚ್ಚುವ ಒಂದು ಚಿಕ್ಕ ಕೊಂಬು ಮೂಡುತ್ತದೆ. ಕೊನೆಗೆ ನಾಲ್ಕನೆಯ ಮೃಗವನ್ನು ಕೊಂದು ಸುಡಲಾಗುತ್ತದೆ, ಮನುಷ್ಯಕುಮಾರನಂತಿರುವವನು ಆಕಾಶದ ಮೇಘಗಳೊಂದಿಗೆ ಬಂದು ಅಳಿಯದ ರಾಜ್ಯವನ್ನು ಪಡೆಯುತ್ತಾನೆ.

ಇಂದಿನ ಬಹುಪಾಲು ವಿದ್ವಾಂಸರ ಪ್ರಕಾರ ಈ ಅಧ್ಯಾಯಗಳು ಈಗಿರುವ ರೂಪ ಪಡೆದದ್ದು ಕ್ರಿ.ಪೂ. 167–164ರ ಸುಮಾರಿಗೆ. ಆಗ ಜೆರೂಸಲೇಮಿನ ಸುತ್ತಲ ಯೂದಾಯ ಪ್ರಾಂತ ಸಿರಿಯದ ಗ್ರೀಕ್ ವಂಶದ ದೊರೆ ನಾಲ್ಕನೆಯ ಆಂಟಿಯೋಕಸ್‌ನ ಕೈಯಲ್ಲಿತ್ತು. ಅವನು ಸುನ್ನತಿಯನ್ನೂ ವಾರದ ವಿಶ್ರಾಂತಿದಿನವಾದ ಸಬ್ಬತ್ ಆಚರಣೆಯನ್ನೂ ನಿಷೇಧಿಸಿ, ಜೆರೂಸಲೇಮಿನ ದೇವಾಲಯದಲ್ಲಿ ನಿತ್ಯಬಲಿಯನ್ನು ನಿಲ್ಲಿಸಿ, ಬಲಿಪೀಠದ ಮೇಲೆ ಅನ್ಯಾರಾಧನೆಯ ವಸ್ತುವನ್ನು ಇರಿಸಿದ. ದಾನಿಯೇಲ ಇದನ್ನು ‘ಹಾಳುಮಾಡುವ ಅಸಹ್ಯ ವಸ್ತು’ ಎನ್ನುತ್ತಾನೆ. ಆ ಕಾಲದ ಯೆಹೂದ್ಯ ದಂಗೆಯ ಇತಿಹಾಸ ಹೇಳುವ ಮಕ್ಕಬಿಯರ ಮೊದಲನೆಯ ಪುಸ್ತಕ ಅದೇ ಮಾತನ್ನು 167ರ ಈ ಘಟನೆಗೆ ಬಳಸುತ್ತದೆ. ಈ ಓದಿನಲ್ಲಿ ನಾಲ್ಕು ಮೃಗಗಳು ಬಾಬಿಲೋನ್, ಮೇದ್ಯ, ಪರ್ಷಿಯ, ಗ್ರೀಸ್. ಚಿಕ್ಕ ಕೊಂಬು ಆಂಟಿಯೋಕಸ್.

ದೇವಾಲಯ 164ರಲ್ಲಿ ಮತ್ತೆ ಶುದ್ಧವಾಯಿತು, ಆ ನೆನಪಿನ ಹನುಕ್ಕಾ ಹಬ್ಬವನ್ನು ಯೆಹೂದ್ಯರು ಇಂದಿಗೂ ಆಚರಿಸುತ್ತಾರೆ. ಆಂಟಿಯೋಕಸ್ ಸತ್ತ. ಆದರೆ ಸಮುದ್ರಕ್ಕೂ ಪವಿತ್ರ ಪರ್ವತಕ್ಕೂ ನಡುವೆ ಅಂತ್ಯ ಕಾಣುತ್ತಾನೆಂದು 11ನೆಯ ಅಧ್ಯಾಯ ಹೇಳಿದ್ದ ಅರಸ ಸತ್ತದ್ದು ದೂರದ ಪರ್ಷಿಯದಲ್ಲಿ. ಅಳಿಯದ ರಾಜ್ಯವೂ ಬರಲಿಲ್ಲ. ಲೆಕ್ಕವೂ ಕೂಡಲಿಲ್ಲ: ಜೆರೂಸಲೇಮ್ ನಾಶವಾದ ಕ್ರಿ.ಪೂ. 586ರಿಂದ 490 ವರ್ಷ ಎಣಿಸಿದರೆ ಆಂಟಿಯೋಕಸ್ ಸತ್ತು ಸುಮಾರು ಏಳು ದಶಕ ಕಳೆದ ಮೇಲಿನ ಕ್ರಿ.ಪೂ. 96 ಬರುತ್ತದೆ. ಪುಸ್ತಕವನ್ನು ಮೂಲೆಗೆಸೆಯಲು ಇಷ್ಟು ಸಾಕಿತ್ತು ಎಂದು ನಮಗೆ ತೋರಬಹುದು. ಆದದ್ದು ಬೇರೆ. ಕೂಡದೆ ಉಳಿದ ಲೆಕ್ಕವೇ ಪುಸ್ತಕವನ್ನು ಮುಂದಿನ ಓದುಗರಿಗೆ ತೆರೆದಿಟ್ಟಿತು.

ಗ್ರೀಕರು ಎದ್ದರು, ರೋಮನ್ನರು ಕುಳಿತರು

ಮೃತ ಸಮುದ್ರದ ದಂಡೆಯ ಕುಮ್ರಾನ್‌ನಲ್ಲಿ 1947ರಿಂದ ಸಿಕ್ಕಿದ ಸುರುಳಿಗಳಲ್ಲಿ ದಾನಿಯೇಲನ ಎಂಟು ಹಸ್ತಪ್ರತಿಗಳ ತುಣುಕುಗಳಿವೆ. ಅವನ್ನು ಇಟ್ಟುಕೊಂಡಿದ್ದ ಯೆಹೂದ್ಯ ಪಂಥದವರ ಓದುವ ಕ್ರಮ, ಅಲ್ಲೇ ಸಿಕ್ಕಿದ, ಪ್ರವಾದಿ ಹಬಕ್ಕೂಕನ ಪುಸ್ತಕದ ವ್ಯಾಖ್ಯಾನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ರವಾದಿಯ ಒಂದು ವಾಕ್ಯವನ್ನು ಬರೆದು, ಅದರ ಕೆಳಗೆ ‘ಇದರ ಅರ್ಥ’ ಎಂದು ತಮ್ಮ ಕಾಲದ ವ್ಯಕ್ತಿಯನ್ನೋ ಘಟನೆಯನ್ನೋ ಹೆಸರಿಸುವುದು ಆ ಕ್ರಮ. ಹಬಕ್ಕೂಕ ಬರೆದ ಕಸ್ದೀಯರು, ಅಂದರೆ ಬಾಬಿಲೋನಿನವರು, ಅಲ್ಲಿ ‘ಕಿತ್ತೀಯರು’, ಅಂದರೆ ರೋಮನ್ನರು, ಆಗುತ್ತಾರೆ. ಕೊನೆಯ ತಲೆಮಾರಿಗೆ ಏನಾಗುತ್ತದೆಂದು ಬರೆಯಲು ದೇವರು ಹಬಕ್ಕೂಕನಿಗೆ ಹೇಳಿದನು, ಆದರೆ ಕಾಲ ಯಾವಾಗ ಮುಗಿಯುತ್ತದೆಂದು ಅವನಿಗೆ ತಿಳಿಸಲಿಲ್ಲ, ಪ್ರವಾದಿಗಳ ಮಾತಿನ ರಹಸ್ಯಗಳೆಲ್ಲ ತಿಳಿದದ್ದು ನಮ್ಮ ಪಂಥದ ಗುರು ‘ನೀತಿಯ ಬೋಧಕ’ನಿಗೆ ಎಂದು ಆ ವ್ಯಾಖ್ಯಾನ ನೇರವಾಗಿಯೇ ಹೇಳುತ್ತದೆ. ಬರೆದವನಿಗಿಂತ ಓದುವವನಿಗೆ ಹೆಚ್ಚು ತಿಳಿದಿದೆ ಎಂಬ ಈ ನಿಲುವು ಎಷ್ಟು ಧೈರ್ಯದ್ದೆಂಬುದನ್ನು ಗಮನಿಸಬೇಕು. ‘ತಡವಾದರೂ ಕಾದಿರು’ ಎಂಬ ವಾಕ್ಯಕ್ಕೆ ಬಂದಾಗ, ಕೊನೆಯ ಕಾಲ ಪ್ರವಾದಿಗಳು ಹೇಳಿದ್ದಕ್ಕಿಂತಲೂ ದೀರ್ಘವಾಗುವುದು ಎಂದು ವ್ಯಾಖ್ಯಾನಕಾರ ಸೇರಿಸುತ್ತಾನೆ. ಅವರ ಲೆಕ್ಕವೂ ಆಗಲೇ ತಪ್ಪಿರಬೇಕು.

ರೋಮ್ ಜೆರೂಸಲೇಮನ್ನು ಕ್ರಿ.ಪೂ. 63ರಲ್ಲಿ ವಶಪಡಿಸಿಕೊಂಡಿತು, ಕ್ರಿ.ಶ. 70ರಲ್ಲಿ ದೇವಾಲಯವನ್ನು ಸುಟ್ಟಿತು. ಅಷ್ಟರಲ್ಲಿ ನಾಲ್ಕನೆಯ ಮೃಗ ರೋಮ್ ಎಂಬುದು ಅನೇಕರಿಗೆ ಸಂದೇಹವೇ ಇಲ್ಲದ ಮಾತಾಗಿತ್ತು. ನಾಲ್ಕೇ ಸ್ಥಾನಗಳಿರುವಾಗ ಐದನೆಯ ರಾಜ್ಯವನ್ನು ಸೇರಿಸಿದ್ದು ಹೇಗೆ? ಮೇದ್ಯ ಮತ್ತು ಪರ್ಷಿಯಗಳನ್ನು ಒಂದೇ ರಾಜ್ಯವಾಗಿ ಎಣಿಸಿದರು. ಇದಕ್ಕೆ ಪಠ್ಯದಲ್ಲಿಯೇ ಆಧಾರವಿತ್ತು: 8ನೆಯ ಅಧ್ಯಾಯದಲ್ಲಿ ಎರಡು ಕೊಂಬುಗಳ ಒಂದೇ ಟಗರು ಮೇದ್ಯ ಮತ್ತು ಪರ್ಷಿಯದ ಅರಸರನ್ನು ಸೂಚಿಸುತ್ತದೆ. ಆಗ ಕರಡಿ ಮೇದ್ಯ-ಪರ್ಷಿಯ, ನಾಲ್ಕು ತಲೆಗಳ ಚಿರತೆ ಅಲೆಕ್ಸಾಂಡರನೂ ಅವನ ರಾಜ್ಯವನ್ನು ಹಂಚಿಕೊಂಡ ನಾಲ್ವರೂ, ಕೊನೆಯ ಸ್ಥಾನ ರೋಮಿಗೆ ಖಾಲಿ.

ಸುಮಾರು ಕ್ರಿ.ಶ. 100ರಲ್ಲಿ ಬರೆಯಲಾದ ಎಜ್ರನ ನಾಲ್ಕನೆಯ ಗ್ರಂಥ ಈ ಬದಲಾವಣೆಯನ್ನು ಮುಚ್ಚಿಡುವುದಿಲ್ಲ. ಸಮುದ್ರದಿಂದ ಏಳುವ ಹದ್ದನ್ನು ಎಜ್ರ ಕಾಣುತ್ತಾನೆ; ಹದ್ದು ರೋಮನ್ ಸೇನೆಯ ಲಾಂಛನ. ನಿನ್ನ ಸಹೋದರ ದಾನಿಯೇಲನಿಗೆ ಕಂಡ ನಾಲ್ಕನೆಯ ರಾಜ್ಯ ಇದೇ, ಆದರೆ ಈಗ ನಿನಗೆ ವಿವರಿಸುತ್ತಿರುವಂತೆ ಅವನಿಗೆ ವಿವರಿಸಿರಲಿಲ್ಲ ಎಂದು ಅವನಿಗೆ ಹೇಳಲಾಗುತ್ತದೆ.

ಯೆಹೂದ್ಯ ಇತಿಹಾಸಕಾರ ಜೋಸೆಫಸ್‌ನ ಇಕ್ಕಟ್ಟು ಬೇರೆ. ರೋಮಿನ ವಿರುದ್ಧ ಸೇನಾಪತಿಯಾಗಿ ಹೋರಾಡಿ, ಸೆರೆಸಿಕ್ಕಿ, ಕೊನೆಗೆ ಅದೇ ರೋಮಿನಲ್ಲಿ ಚಕ್ರವರ್ತಿಗಳ ಆಶ್ರಯದಲ್ಲಿ ಬರೆಯುತ್ತಿದ್ದವನು ಅವನು. ದಾನಿಯೇಲನ 2ನೆಯ ಅಧ್ಯಾಯದಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಕನಸಿನಲ್ಲಿ ಕಂಡ, ನಾಲ್ಕು ರಾಜ್ಯಗಳನ್ನು ಸೂಚಿಸುವ ಲೋಹದ ಪ್ರತಿಮೆಯನ್ನು ಒಂದು ಕಲ್ಲು ಪುಡಿಮಾಡುತ್ತದೆ. ಪ್ರತಿಮೆಯ ಕಬ್ಬಿಣದ ಭಾಗ ರೋಮ್ ಆದರೆ, ಅದನ್ನು ಒಡೆಯುವ ಕಲ್ಲು ಯಾವುದು? ತಾನು ಆಗಿಹೋದದ್ದನ್ನು ಬರೆಯುವವನು, ಆಗಲಿರುವುದನ್ನಲ್ಲ, ತಿಳಿಯಬೇಕೆನ್ನುವವರು ದಾನಿಯೇಲನ ಪುಸ್ತಕವನ್ನೇ ಓದಿಕೊಳ್ಳಲಿ ಎಂದು ಜೋಸೆಫಸ್ ಅಲ್ಲಿಗೆ ಮಾತು ನಿಲ್ಲಿಸುತ್ತಾನೆ.

ಪ್ರಕಟನೆಯ ಮೃಗ ಮತ್ತು 666

ಯೇಸುವಿನ ಅನುಯಾಯಿಗಳೂ ಇದೇ ಪುಸ್ತಕವನ್ನು ಓದುತ್ತಿದ್ದ ಯೆಹೂದ್ಯರೇ. ಮಾರ್ಕನ ಸುವಾರ್ತೆ ‘ಹಾಳುಮಾಡುವ ಅಸಹ್ಯ ವಸ್ತು’ವನ್ನು ಮುಂದೆ ಬರಲಿರುವ ಸಂಗತಿಯಾಗಿ ಹೇಳಿ, ಓದುವವನು ತಿಳಿದುಕೊಳ್ಳಲಿ ಎಂದು ನಡುವೆ ಎಚ್ಚರಿಸುತ್ತದೆ. ಮೇಘಗಳೊಂದಿಗೆ ಬರುವ ಮನುಷ್ಯಕುಮಾರ ಕ್ರೈಸ್ತರಿಗೆ ಯೇಸುವೇ ಆದನು.

ಪತ್ಮೋಸ್ ದ್ವೀಪದಲ್ಲಿ ಯೋಹಾನನು ಕಂಡ ಮೃಗ ದಾನಿಯೇಲನ ನಾಲ್ಕನ್ನೂ ಒಂದರಲ್ಲಿ ಕೂಡಿಸಿಕೊಂಡಿದೆ. ಅದಕ್ಕೆ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಹತ್ತು ಕೊಂಬು, ಏಳು ತಲೆ. ಏಳು ತಲೆಗಳು ಏಳು ಬೆಟ್ಟಗಳೆಂದು ಅಲ್ಲೇ ವಿವರಣೆಯಿದೆ. ಏಳು ಗುಡ್ಡಗಳ ನಗರವೆಂದರೆ ರೋಮ್ ಎಂಬುದು ಅಂದಿನ ಯಾರಿಗೂ ತಿಳಿಯುತ್ತಿತ್ತು.

ಮೃಗದ ಅಂಕೆ 666, ಅದು ಒಬ್ಬ ಮನುಷ್ಯನ ಅಂಕೆ ಎಂದು ಪಠ್ಯ ಹೇಳುತ್ತದೆ. ಹೀಬ್ರೂ ಮತ್ತು ಗ್ರೀಕ್ ಭಾಷೆಗಳಲ್ಲಿ ಅಕ್ಷರಗಳೇ ಅಂಕಿಗಳಾಗಿಯೂ ಬಳಕೆಯಲ್ಲಿದ್ದುದರಿಂದ ಯಾವ ಹೆಸರನ್ನಾದರೂ ಕೂಡಿ ಮೊತ್ತ ತೆಗೆಯಬಹುದಿತ್ತು. ರೋಮನ್ ಚಕ್ರವರ್ತಿ ನೀರೋನ ಹೆಸರಾದ ‘ನೆರೋನ್ ಕೇಸರ್’ ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದರೆ ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200, ಒಟ್ಟು 666. ಲ್ಯಾಟಿನ್ ಉಚ್ಚಾರದಂತೆ ಹೆಸರಿನ ಕೊನೆಯ ‘ನ್’ ಬಿಟ್ಟರೆ 50 ಕಡಿಮೆಯಾಗಿ 616 ಆಗುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಒಂದು ಪಪೈರಸ್ ಸೇರಿದಂತೆ, 616 ಎಂದೇ ಇದೆ. ಎರಡು ಪಾಠಗಳೂ ನೀರೋನ ಕಡೆಗೇ ಬೊಟ್ಟು ಮಾಡುವುದರಿಂದ ಇಂದಿನ ಹೆಚ್ಚಿನ ವಿದ್ವಾಂಸರು ಈ ವಿವರಣೆಯನ್ನು ಒಪ್ಪುತ್ತಾರೆ.

ಆದರೆ ಸುಮಾರು ಕ್ರಿ.ಶ. 180ರಲ್ಲಿ ಲಿಯೋನ್‌ನ ಬಿಷಪ್ ಐರೇನಿಯಸ್ ಈ ಅಂಕೆಯ ಬಗ್ಗೆ ಬರೆಯುವಾಗ ನೀರೋನ ಹೆಸರನ್ನೇ ಎತ್ತುವುದಿಲ್ಲ. 616 ಲಿಪಿಕಾರರ ತಪ್ಪು ಎನ್ನುತ್ತಾನೆ. ಗ್ರೀಕ್ ಅಕ್ಷರಗಳಲ್ಲಿ 666 ಆಗುವ ಎವಾಂಥಸ್, ಲಾತೇನೋಸ್, ತೇತಾನ್ ಎಂಬ ಮೂರು ಹೆಸರುಗಳನ್ನು ಕೊಡುತ್ತಾನೆ. ಹೆಸರು ಈಗಲೇ ತಿಳಿಯಬೇಕಿದ್ದರೆ ದರ್ಶನ ಕಂಡವನೇ ಹೇಳುತ್ತಿದ್ದ ಎಂದು ಮುಗಿಸುತ್ತಾನೆ. ಪುಸ್ತಕ ಬರೆದು ಸುಮಾರು ನೂರು ವರ್ಷದೊಳಗೆ ಅದರ ಬೀಗದ ಕೈ ಕಳೆದುಹೋಗಿತ್ತು.

ರೋಮನ್ನು ಮೃಗವೆಂದವರೇ ಅದರ ಉಳಿವಿಗೂ ಪ್ರಾರ್ಥಿಸಿದ್ದು ಇನ್ನೊಂದು ವಿಚಿತ್ರ. ಅಂತ್ಯಕಾಲದ ದುಷ್ಟನನ್ನು ಏನೋ ತಡೆಹಿಡಿದಿದೆ ಎಂದು ಹೊಸ ಒಡಂಬಡಿಕೆಯಲ್ಲಿರುವ, ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರ ಹೇಳುತ್ತದೆ. ಆ ತಡೆ ರೋಮನ್ ಸಾಮ್ರಾಜ್ಯವೇ, ಆದ್ದರಿಂದ ಕ್ರೈಸ್ತರು ಚಕ್ರವರ್ತಿಗಾಗಿ ಪ್ರಾರ್ಥಿಸುತ್ತಾರೆ ಎಂದು ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಸುಮಾರು 197ರಲ್ಲಿ ಬರೆದನು.

ಲೆಕ್ಕ ಹಾಕಿದವರು

ಎಪ್ಪತ್ತು ವಾರಗಳನ್ನು ಯೇಸುವಿನ ಕಾಲಕ್ಕೆ ಮುಟ್ಟಿಸುವುದು ಕ್ರೈಸ್ತ ಲೆಕ್ಕಿಗರ ಗುರಿಯಾಗಿತ್ತು. 3ನೆಯ ಶತಮಾನದ ಆರಂಭದಲ್ಲಿ ಜೂಲಿಯಸ್ ಆಫ್ರಿಕಾನಸ್ ಪರ್ಷಿಯದ ಅರ್ತಷಸ್ತ ದೊರೆಯ 20ನೆಯ ವರ್ಷದಿಂದ ಎಣಿಸತೊಡಗಿದ. ಅಲ್ಲಿಂದ ಯೇಸುವಿನವರೆಗೆ ಅವನಿಗೆ ಸಿಕ್ಕಿದ್ದು 475 ವರ್ಷ ಮಾತ್ರ. ಉಳಿದ 15 ವರ್ಷಗಳನ್ನು ಅವನು ಚಾಂದ್ರಮಾನದಿಂದ ತಂದ. ಚಾಂದ್ರ ವರ್ಷಕ್ಕೆ ಸುಮಾರು 354 ದಿನ. ನಮ್ಮ ಪಂಚಾಂಗದವರು ಸೌರವರ್ಷದೊಡನೆ ಬೀಳುವ ಈ ಅಂತರವನ್ನು ಅಧಿಕಮಾಸ ಹಾಕಿ ಸರಿದೂಗಿಸುತ್ತಾರಲ್ಲ, ಆಫ್ರಿಕಾನಸ್ ಹಾಗೆ ಸರಿದೂಗಿಸದೆ ಬರಿಯ ಚಾಂದ್ರ ವರ್ಷಗಳಲ್ಲೇ ಎಣಿಸಿದ. 475 ಸೌರವರ್ಷಗಳು 490 ಚಾಂದ್ರ ವರ್ಷಗಳಾದವು.

ಸುಮಾರು 204ರಲ್ಲಿ ಹಿಪ್ಪೊಲಿಟಸ್ ಬರೆದ ದಾನಿಯೇಲನ ವ್ಯಾಖ್ಯಾನ ಇಂದು ಉಳಿದಿರುವ ಕ್ರೈಸ್ತ ಬೈಬಲ್ ವ್ಯಾಖ್ಯಾನಗಳಲ್ಲೇ ಹಳೆಯದು. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಾಲದ ಹಿಂಸೆಯಿಂದ ಬೆದರಿದ ಕ್ರೈಸ್ತರು ಅಂತ್ಯ ಬಂದೇಬಿಟ್ಟಿತೆಂದು ತಿಳಿದಿದ್ದರು. ಸಿರಿಯದ ಒಬ್ಬ ಸಭಾನಾಯಕ ತನ್ನವರನ್ನು ಹೆಂಗಸರು ಮಕ್ಕಳ ಸಮೇತ ಕ್ರಿಸ್ತನನ್ನು ಎದುರುಗೊಳ್ಳಲು ಅರಣ್ಯಕ್ಕೆ ಕರೆದೊಯ್ದನಂತೆ. ದಾರಿತಪ್ಪಿ ಬೆಟ್ಟಗಳಲ್ಲಿ ಅಲೆಯುತ್ತಿದ್ದವರನ್ನು ಪ್ರಾಂತ್ಯಾಧಿಕಾರಿ ದರೋಡೆಕೋರರೆಂದು ಕೊಲ್ಲಿಸುವುದರಲ್ಲಿದ್ದ, ಅವನ ಹೆಂಡತಿ ಕ್ರೈಸ್ತಳಾಗಿದ್ದುದರಿಂದ ಉಳಿದರು. ಕಪ್ಪು ಸಮುದ್ರದ ದಂಡೆಯ ಪೊಂತ ಪ್ರಾಂತ್ಯದ ಇನ್ನೊಬ್ಬನು ಒಂದು ವರ್ಷದಲ್ಲಿ ನ್ಯಾಯತೀರ್ಪು ಎಂದು ಸಾರಿದ. ಜನ ಹೊಲಗದ್ದೆ ಬಿಟ್ಟರು, ಆಸ್ತಿ ಮಾರಿದರು, ವರ್ಷ ಕಳೆದ ಮೇಲೆ ಬೇಡುವ ಸ್ಥಿತಿಗೆ ಬಂದರು. ಇದನ್ನೆಲ್ಲ ಹೇಳಿ ಹಿಪ್ಪೊಲಿಟಸ್ ತನ್ನದೇ ಲೆಕ್ಕ ಮುಂದಿಡುತ್ತಾನೆ. ದೇವರಿಗೆ ಸಾವಿರ ವರ್ಷ ಒಂದು ದಿನದಂತೆ, ಸೃಷ್ಟಿಗೆ ಆರು ದಿನ ಹಿಡಿಯಿತು, ಆದ್ದರಿಂದ ಲೋಕದ ಆಯಸ್ಸು 6000 ವರ್ಷ. ಮೋಶೆಯ ಮಂಜೂಷದ, ಅಂದರೆ ಪವಿತ್ರ ಪೆಟ್ಟಿಗೆಯ, ಉದ್ದ, ಅಗಲ, ಎತ್ತರ ಎರಡೂವರೆ, ಒಂದೂವರೆ, ಒಂದೂವರೆ ಮೊಳ. ಕೂಡಿದರೆ ಐದೂವರೆ, ಮೊಳಕ್ಕೆ ಸಾವಿರ ವರ್ಷ, ಆದ್ದರಿಂದ ಕ್ರಿಸ್ತ ಹುಟ್ಟಿದ್ದು ಸೃಷ್ಟಿಯಾದ 5500ನೆಯ ವರ್ಷದಲ್ಲಿ. ಉಳಿದದ್ದು ಕ್ರಿಸ್ತನಿಂದ 500 ವರ್ಷ, ಅವನ ಓದುಗರಿಗೆ ಸುಮಾರು 300. ಲೆಕ್ಕ ಹಾಕುವುದು ಜನರನ್ನು ಉದ್ರೇಕಿಸಲು ಮಾತ್ರವೆಂದು ತಿಳಿಯಬಾರದು. ಇಲ್ಲಿ ಅದು ಉದ್ರೇಕ ಇಳಿಸುವ ಉಪಾಯ. ನಾಲ್ಕನೆಯ ಮೃಗ ರೋಮೇ, ಆದರೆ ಹತ್ತು ಕೊಂಬುಗಳು ಇನ್ನೂ ಮೂಡಿಲ್ಲ, ಮನೆಗೆ ಹೋಗಿ ಕೆಲಸ ನೋಡಿಕೊಳ್ಳಿ ಎಂಬುದು ಅವನ ವ್ಯಾಖ್ಯಾನದ ಒಳಮಾತು.

ಸಾವಿರ ವರ್ಷದ ಆಳ್ವಿಕೆ

ಪ್ರಕಟನೆಯ 20ನೆಯ ಅಧ್ಯಾಯದಲ್ಲಿ ಸೈತಾನನನ್ನು ಕಟ್ಟಿಹಾಕಿ, ನೀತಿವಂತರು ಕ್ರಿಸ್ತನೊಡನೆ ಸಾವಿರ ವರ್ಷ ಆಳುತ್ತಾರೆ. ಜಸ್ಟಿನ್, ಐರೇನಿಯಸ್ ಮೊದಲಾದ 2ನೆಯ ಶತಮಾನದವರು ಇದನ್ನು ಭೂಮಿಯ ಮೇಲಿನ, ದ್ರಾಕ್ಷಿ ಗೋದಿ ಸಮೃದ್ಧವಾಗಿ ಬೆಳೆಯುವ ನಿಜವಾದ ರಾಜ್ಯವೆಂದೇ ತಿಳಿದರು. ಅಲೆಕ್ಸಾಂಡ್ರಿಯದ ಕ್ರೈಸ್ತ ವಿದ್ವಾಂಸ ಓರಿಜೆನ್‌ಗೆ ಇದು ಒರಟು ಓದು. ಅವನ ಪ್ರಕಾರ ಅಲ್ಲಿಯ ಅನ್ನಪಾನಗಳು ಆತ್ಮದ ಆಹಾರದ ಸಂಕೇತ. ಈ ವಾಗ್ವಾದ ಈಜಿಪ್ಟಿನ ಹಳ್ಳಿಗಳಿಗೂ ಹಬ್ಬಿತು. 3ನೆಯ ಶತಮಾನದ ನಡುವೆ ಬಿಷಪ್ ಡಯೋನೀಸಿಯಸ್ ಅರ್ಸಿನೋಯ್ ಪ್ರಾಂತ್ಯಕ್ಕೆ ಹೋಗಿ, ಅಕ್ಷರಶಃ ಓದುತ್ತಿದ್ದ ಹಳ್ಳಿಯ ಬೋಧಕರೊಡನೆ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಕೂತು ಚರ್ಚಿಸಿದ, ಅವರ ಮುಂದಾಳು ಕೊರಾಕಿಯನ್ ಒಪ್ಪಿಕೊಂಡ. ಪ್ರಕಟನೆಯ ಗ್ರೀಕ್ ಶೈಲಿ ಯೋಹಾನನ ಸುವಾರ್ತೆಯ ಶೈಲಿಗಿಂತ ತೀರ ಬೇರೆ, ಆದ್ದರಿಂದ ಬರೆದ ಯೋಹಾನನೂ ಬೇರೆ ಎಂದು ಡಯೋನೀಸಿಯಸ್ ತೋರಿಸಿದ ವಾದವನ್ನು ಇಂದಿನ ವಿಮರ್ಶಕರೂ ಮೆಚ್ಚುತ್ತಾರೆ.

ಲ್ಯಾಟಿನ್ ಕ್ರೈಸ್ತರಲ್ಲಿ ಈ ಪ್ರಶ್ನೆಯನ್ನು ಬಹುಕಾಲದವರೆಗೆ ಇತ್ಯರ್ಥ ಮಾಡಿದವನು ಉತ್ತರ ಆಫ್ರಿಕದ ಹಿಪ್ಪೋದ ಬಿಷಪ್ ಆಗಸ್ಟಿನ್. ಉತ್ತರ ಆಫ್ರಿಕದ ತಿಕೋನಿಯಸ್‌ನಿಂದ ಕಲಿತದ್ದನ್ನು ಬಳಸಿಕೊಂಡು, ಸಾವಿರ ವರ್ಷವೆಂದರೆ ಕ್ರಿಸ್ತನ ಮೊದಲ ಆಗಮನದಿಂದ ಕೊನೆಯವರೆಗಿನ ಕ್ರೈಸ್ತ ಸಭೆಯ (ಚರ್ಚಿನ) ಕಾಲ, ಅದು ಆಗಲೇ ನಡೆಯುತ್ತಿದೆ ಎಂದನು. ತಾನೂ ಹಿಂದೆ ಭೂಮಿಯ ರಾಜ್ಯದ ಓದನ್ನು ಒಪ್ಪಿದ್ದೆನೆಂದು ಅವನೇ ಬರೆದಿದ್ದಾನೆ. ಸಲೋನದ ಬಿಷಪ್ ಹೆಸಿಕಿಯಸ್ ಲಕ್ಷಣಗಳನ್ನು ನೋಡಿ ಅಂತ್ಯ ಸಮೀಪಿಸಿದೆ ಎಂದು ಬರೆದಾಗ, ಒಡೆಯ ಬೇಗ ಬರುತ್ತಾನೆನ್ನುವ, ತಡವಾಗಿ ಬರುತ್ತಾನೆನ್ನುವ, ತನಗೆ ತಿಳಿಯದೆನ್ನುವ ಮೂವರು ಸೇವಕರನ್ನು ಮುಂದಿಟ್ಟು, ಕಡಿಮೆ ತಪ್ಪುವವನು ಮೂರನೆಯವನು ಎಂದು ಆಗಸ್ಟಿನ್ ಉತ್ತರಿಸಿದನು.

ಪೋರ್ಫಿರಿಯ ಆಕ್ಷೇಪ

3ನೆಯ ಶತಮಾನದ ಕೊನೆಯ ಹೊತ್ತಿಗೆ, ಕ್ರೈಸ್ತರ ವಿರುದ್ಧ ಬರೆದ ಗ್ರೀಕ್ ತತ್ತ್ವಜ್ಞಾನಿ ಪೋರ್ಫಿರಿ ಬುಡಕ್ಕೇ ಕೈಹಾಕಿದ. ದಾನಿಯೇಲನ ಪುಸ್ತಕ ಬರೆದದ್ದು ಆಂಟಿಯೋಕಸ್‌ನ ಕಾಲದ ಯೂದಾಯದವನು. ಆ ಕಾಲದವರೆಗಿನ ಸಂಗತಿಗಳು ಸರಿಯಾಗಿರುವುದು ಅವು ಆಗಿಹೋಗಿದ್ದರಿಂದ, ಅಲ್ಲಿಂದಾಚೆಯವು ತಪ್ಪಿರುವುದು ಮುಂದಾಗುವುದು ಅವನಿಗೆ ತಿಳಿದಿರದ್ದರಿಂದ ಎಂಬುದು ಅವನ ವಾದ. ಅವನ ಪುಸ್ತಕವನ್ನು ಸುಡಲು 448ರಲ್ಲಿ ರಾಜಾಜ್ಞೆಯಾಯಿತು. ಆದರೂ ವಾದ ಉಳಿದದ್ದು ಅದನ್ನು ಖಂಡಿಸಲು ಕ್ರೈಸ್ತ ವಿದ್ವಾಂಸ ಜೆರೋಮ್ 407ರಲ್ಲಿ ಬರೆದ ವ್ಯಾಖ್ಯಾನದಲ್ಲಿ. ಕಾಲನಿರ್ಣಯದ ಮಟ್ಟಿಗೆ ಇಂದಿನ ವಿದ್ವಾಂಸರು ಬಹುತೇಕ ಪೋರ್ಫಿರಿಯ ಕಡೆಗಿದ್ದಾರೆ. ಜೆರೋಮ್‌ನಿಗೆ ನಾಲ್ಕನೆಯ ರಾಜ್ಯ ರೋಮೇ. ಮೊದಲು ಅದಕ್ಕಿಂತ ಗಟ್ಟಿಯಾದದ್ದಿರಲಿಲ್ಲ, ಈಗ ಅನಾಗರಿಕರ ನೆರವಿಲ್ಲದೆ ನಿಲ್ಲಲಾರದು, ಪ್ರತಿಮೆಯ ಕಾಲಲ್ಲಿ ಕಬ್ಬಿಣದೊಡನೆ ಮಣ್ಣು ಬೆರೆತದ್ದು ಇದೇ ಎಂದು ಅವನು ಬರೆದನು. ಮೂರು ವರ್ಷಗಳಲ್ಲಿ ಗಾಥ್ ದೊರೆ ಅಲಾರಿಕ್‌ನ ಸೇನೆ ರೋಮನ್ನು ಕೊಳ್ಳೆಹೊಡೆಯಿತು.

ರಬ್ಬಿಗಳ ಎಚ್ಚರ

ಯೆಹೂದ್ಯರಲ್ಲಿ ಈ ಓದು ಬೇರೆ ದಾರಿ ಹಿಡಿಯಲು ಕಾರಣ ಒಂದು ಸೋಲು. ಕ್ರಿ.ಶ. 132ರಲ್ಲಿ ಯೆಹೂದ್ಯ ನಾಯಕ ಬಾರ್ ಕೋಖ್ಬಾ ರೋಮಿನ ವಿರುದ್ಧ ಎದ್ದಾಗ, ಯಾಕೋಬನಿಂದ ಉದಯಿಸುವ ನಕ್ಷತ್ರ, ಅಂದರೆ ಯೆಹೂದ್ಯರು ಎದುರುನೋಡುತ್ತಿದ್ದ ಬಿಡುಗಡೆಗಾರ ಮೆಸ್ಸೀಯ, ಇವನೇ ಎಂದು ಮಹಾವಿದ್ವಾಂಸ ರಬ್ಬಿ (ಯೆಹೂದ್ಯ ಧರ್ಮಗುರು) ಅಕೀವಾ ಹೇಳಿದನೆಂದು, ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಜೆರೂಸಲೇಮ್ ತಾಲ್ಮುದ್ ದಾಖಲಿಸುತ್ತದೆ. ‘ಅಕೀವಾ, ನಿನ್ನ ಕೆನ್ನೆಯಲ್ಲಿ ಹುಲ್ಲು ಬೆಳೆದರೂ ದಾವೀದನ ಮಗ (ಮೆಸ್ಸೀಯ) ಬಂದಿರುವುದಿಲ್ಲ’ ಎಂದು ಯೋಹಾನಾನ್ ಬೆನ್ ತೋರ್ತಾ ಹಂಗಿಸಿದನಂತೆ. ದಂಗೆ 135ರಲ್ಲಿ ರಕ್ತದ ಮಡುವಿನಲ್ಲಿ ಮುಗಿಯಿತು.

ಆಮೇಲಿನ ರಬ್ಬಿಗಳು ಎಪ್ಪತ್ತು ವಾರಗಳನ್ನು ಕಳೆದುಹೋದ ಕಾಲಕ್ಕೆ ಕಟ್ಟಿದರು. ಸೇದೆರ್ ಓಲಾಮ್ ಎಂಬ ಕಾಲಗಣನೆಯ ಗ್ರಂಥದಲ್ಲಿ ಮೊದಲ ದೇವಾಲಯದ ನಾಶದಿಂದ 70 ವರ್ಷದ ದಾಸ್ಯ, ಎರಡನೆಯ ದೇವಾಲಯಕ್ಕೆ 420 ವರ್ಷ, ಒಟ್ಟು 490; ಅಲ್ಲಿಗೆ ಆ ದೇವಾಲಯದ ನಾಶ. ಈ ಮೊತ್ತ ಬರಿಸಲು ದೇವಾಲಯ ನಿಂತಿದ್ದಾಗಿನ ಪರ್ಷಿಯದ ಆಳ್ವಿಕೆಯನ್ನು 34 ವರ್ಷಕ್ಕೆ ಇಳಿಸಬೇಕಾಯಿತು. ಇತಿಹಾಸದ ಪ್ರಕಾರ ಅದು 180 ವರ್ಷಗಳಿಗಿಂತ ಹೆಚ್ಚು. ವಾರಗಳೆಲ್ಲ ಮುಗಿದವೆಂದ ಮೇಲೆ ಅವುಗಳಿಂದ ಮುಂದಿನ ದಿನಾಂಕ ತೆಗೆಯುವ ಹಾಗಿಲ್ಲ.

ಅಂತ್ಯದ ಲೆಕ್ಕ ಹಾಕುವವರ ಎಲುಬು ಸಿಡಿಯಲಿ ಎಂಬ ಶಾಪ ಬಾಬಿಲೋನಿನ ತಾಲ್ಮುದ್‌ನಲ್ಲಿದೆ. ಹೇಳಿದ ದಿನ ಬಂದು ಮೆಸ್ಸೀಯ ಬಾರದಿದ್ದರೆ, ಇನ್ನು ಬರುವುದೇ ಇಲ್ಲ ಎಂದು ಜನ ಅಂದುಕೊಳ್ಳುತ್ತಾರೆ ಎಂಬ ಕಾರಣವನ್ನೂ ಅಲ್ಲೇ ಕೊಟ್ಟಿದೆ. ಹಿಪ್ಪೊಲಿಟಸ್ ಹೇಳಿದ ಪೊಂತದ ಕಥೆಯ ಪಾಠವೂ ಇಂಥದ್ದೇ. ಅದೇ ತಾಲ್ಮುದ್‌ನ ಇನ್ನೊಂದು ಕಥೆಯಲ್ಲಿ, ಪ್ರವಾದಿಗಳ ಗ್ರಂಥಗಳನ್ನು ಅರಾಮಿಕ್‌ಗೆ ತಂದ ಯೋನಾತಾನ್ ಬೆನ್ ಉಜ್ಜೀಯೇಲನು ಉಳಿದ ಬರಹಗಳನ್ನೂ ತರಲು ಹೊರಟಾಗ, ಸಾಕು ಎಂದು ಆಕಾಶವಾಣಿ ತಡೆಯುತ್ತದೆ, ಏಕೆಂದರೆ ಮೆಸ್ಸೀಯನ ಕಾಲದ ಗುಟ್ಟು ಅವುಗಳಲ್ಲಿದೆ. ಯಾವ ಪುಸ್ತಕವೆಂದು ಅಲ್ಲಿ ಹೇಳಿಲ್ಲ. 11ನೆಯ ಶತಮಾನದ ವ್ಯಾಖ್ಯಾನಕಾರ ರಾಶಿ ಅದು ದಾನಿಯೇಲನ ಪುಸ್ತಕವೆಂದು ಬರೆದನು.